ದಿಯಾ ಹುಡುಗಿಯನ್ನು ಯಾರು ಈ ಮನೆಗೆ ಕೊಟ್ಟರು?

2025ರ ಏಪ್ರಿಲ್‌ನಲ್ಲಿ ಜೀ5ಗೆ ಬಂದ 'ಅಯ್ಯನ ಮನೆ' ವೆಬ್ ಸರಣಿಯನ್ನು ನಿರ್ದೇಶಿಸಿದವರು ರಮೇಶ್ ಇಂದಿರಾ. ಚಿಕ್ಕಮಗಳೂರು ಸೀಮೆಯ ಹಳೆಯ ಮನೆ, ಅಲ್ಲಿ ಒಬ್ಬರ ಹಿಂದೊಬ್ಬರಂತೆ ಸಾಯುವ ಸೊಸೆಯರು. ಆದರೆ ಅದನ್ನು ನೋಡುತ್ತಾ ಈ ಹರಟೆಕಾರನ ಸೋಫಾದ ಮೇಲೆ ನಡೆದ ತನಿಖೆಯೇ ಬೇರೆ.

ಖುಷಿ ರವಿ ತೆರೆಗೆ ಬಂದದ್ದೇ ತಡ, ಅವನ ಹೆಂಡತಿ "ಅಯ್ಯೋ, ದಿಯಾ ಹುಡುಗಿ!" ಎಂದು ಮರುಗಿದಳು. 2020ರ 'ದಿಯಾ' ಸಿನಿಮಾದಲ್ಲಿ ಪಟ್ಟ ಪಾಡು ಸಾಲದೆಂದು ಇಂಥ ಮನೆಗೆ ಕೊಡುವುದೇ? ಗಂಡಿನ ಕಡೆಯವರ ಬಗ್ಗೆ ನಾಲ್ಕು ಜನರನ್ನು ವಿಚಾರಿಸಬಾರದಿತ್ತೇ? ಮಾನಸಿ ಸುಧೀರ್ ಕಂಡೊಡನೆ ಅರೆನಿದ್ದೆಯಲ್ಲಿದ್ದ ಅತ್ತೆ ಎದ್ದು ಕುಳಿತರು. "ನೋಡಿ ಅಳಿಯಂದ್ರೆ, ಇವ್ರು 'ಕಾಂತಾರ'ದಲ್ಲಿ ಶಿವನ ತಾಯಿ. ಆ ಮಗನಿಗೆ ಬೈದದ್ದು ಸರಿಯಾಗೇ ಇತ್ತು ಬಿಡಿ."

ರಿಮೋಟ್ ಹರಟೆಕಾರನ ಕೈಯಲ್ಲಿತ್ತು, ಅಧಿಕಾರ ಮಾತ್ರ ಇರಲಿಲ್ಲ.

ಪತ್ತೇದಾರಿ ಕಾದಂಬರಿ ಓದಿ ಬೆಳೆದವನೆಂಬ ಜಂಬ ಅವನಿಗೆ. ಕೊಲೆಗಾರ ಯಾರೆಂದು ಗೊತ್ತಾಯಿತೆಂದು ಮೂರು ಸಲ ಘೋಷಿಸಿದ, ಮೂರು ಸಲವೂ ಬೇರೆ ಬೇರೆ ಹೆಸರು. ಹೆಂಡತಿ ಕಡಲೆಕಾಯಿ ಸುಲಿಯುತ್ತಾ, "ಮನೇಲಿ ನಿಮ್ಮ ಕನ್ನಡಕ ಎಲ್ಲಿದೆ ಅಂತ ಮೊದಲು ಪತ್ತೆ ಮಾಡಿ" ಎಂದಳು. ಅದು ಅವನ ಹಣೆಯ ಮೇಲೆಯೇ ಇತ್ತು.

ಕೊನೆಯ ಕಂತು ಮುಗಿಯಿತು, ರಹಸ್ಯವೂ ಬಯಲಾಯಿತು. ಅತ್ತೆಗೆ ಮಾತ್ರ ಒಂದು ಅನುಮಾನ ಉಳಿದೇಹೋಯಿತು: "ಅಲ್ವೇ, ಅಷ್ಟು ದೊಡ್ಡ ಮನೆ ದಿನಾ ಗುಡಿಸೋರು ಯಾರೇ?"