‘ಬೇಸಿ’ನ ಬುಡ ಕಪಿಲಾ ತೀರದಲ್ಲಿ

ಜಾತ್ರೆಯ ಮೆರವಣಿಗೆಯಲ್ಲಿ ಟೆಂಪೋ ಮೇಲೆ ಪೇರಿಸಿದ ಬಾಕ್ಸುಗಳಿಂದ ಹೊರಟು, ಕಿವಿಗಿಂತ ಮೊದಲು ಎದೆಯನ್ನು ಗುದ್ದುವ ದನಿಗೆ ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗೆ ಒಂದೇ ಹೆಸರು: ಬೇಸ್. ‘ಬೇಸ್ ಏರ್ಸು ಕಣ್ಲಾ’ ಎಂದು ಕೂಗುವ ಹುಡುಗನಿಗೆ ತಾನು ಇಂಗ್ಲಿಷ್ ಆಡುತ್ತಿದ್ದೇನೆಂಬ ಅನುಮಾನ ಕಿಂಚಿತ್ತೂ ಇಲ್ಲ. ಇರಬೇಕಾಗಿಯೂ ಇಲ್ಲ, ಅವನು ಆಡುತ್ತಿರುವುದು ಕನ್ನಡವೇ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ನಿಘಂಟುಕಾರರು ಈ ಪದವನ್ನು ಲ್ಯಾಟಿನ್ನಿನ ‘ಬಾಸ್ಸುಸ್’, ಅಂದರೆ ಗಿಡ್ಡ, ತಗ್ಗು ಎಂಬ ಗೂಟಕ್ಕೆ ಕಟ್ಟುತ್ತಾರೆ. ಇಟಲಿಯವರ ‘ಬಾಸ್ಸೊ’ ನೋಡಿ ಇಂಗ್ಲಿಷಿನವರು ಬರವಣಿಗೆಗೆ ಇನ್ನೊಂದು ಸಕಾರ ಸೇರಿಸಿಕೊಂಡರು, ಉಚ್ಚಾರವನ್ನು ಮಾತ್ರ ಹಳೆಯದನ್ನೇ ಉಳಿಸಿಕೊಂಡರು ಎಂದೂ ಅವರೇ ಒಪ್ಪುತ್ತಾರೆ. ಕಾಗದದಲ್ಲಿ ಒಂದು ಹೆಸರು, ಬಾಯಲ್ಲಿ ಇನ್ನೊಂದು ಹೆಸರು ಇರುವ ಮಾಲು ಎಲ್ಲಿಂದ ಬಂತೆಂದು ಪೊಲೀಸ್ ಠಾಣೆಯಲ್ಲಿ ಯಾರೂ ಎರಡು ಸಲ ಕೇಳುವುದಿಲ್ಲ. ಹೋಗಲಿ, ಲ್ಯಾಟಿನ್ನಿಗೆ ಬಾಸ್ಸುಸ್ ಬಂದದ್ದು ಎಲ್ಲಿಂದ ಎಂದರೆ ಪಂಡಿತರು ಕೆಮ್ಮುತ್ತಾರೆ. ನಮ್ಮ ಶೋಧ ಆ ಕೆಮ್ಮಿನಿಂದ ಆರಂಭ.

ಸಂಸ್ಕೃತದ ವೃಷಭ ಪ್ರಾಕೃತದಲ್ಲಿ ವಸಹವಾಗಿ ಕನ್ನಡದಲ್ಲಿ ಬಸವನಾದದ್ದು ಎಲ್ಲರೂ ಬಲ್ಲ ಸಂಗತಿ. ಹೊಲದಲ್ಲಿ ಗೂಳಿ ಹಾಕುವ ಗುಟುರಿಗಿಂತ ತಗ್ಗಿನ ದನಿ ಹಳ್ಳಿಯವನ ಕಿವಿಗೆ ಬೇರೆ ಯಾವುದಿದ್ದೀತು? ಆದ್ದರಿಂದ ಬಸವನ ದನಿಯೇ ಬೇಸ್. ‘ವ’ಕಾರ ಸಮುದ್ರ ದಾಟುವಾಗ ನೀರಿಗೆ ಬಿತ್ತು. ಕ್ಷೇತ್ರಪ್ರಮಾಣವೂ ಇದಕ್ಕೆ ಒದಗುತ್ತದೆ. ನಂಜನಗೂಡಿನ ಒಡೆಯ ನಂಜುಂಡ, ವಿಷ ಕುಡಿದು ಕೊರಳಲ್ಲಿ ತಡೆದುಕೊಂಡವನು; ಊರಿನ ಗುಡಿಗೆ ಶ್ರೀಕಂಠೇಶ್ವರ ಎಂದು ಕೊರಳಿನದೇ ಹೆಸರು. ಕೊರಳು ಕಟ್ಟಿದರೆ ದನಿ ಇಳಿಯುತ್ತದೆಂದು ನೆಗಡಿಯಾದ ಯಾರಾದರೂ ಸಾಕ್ಷಿ ಹೇಳಿಯಾರು. ಆನೆಯ ಕಣ್ಣು ವಾಸಿಯಾದುದಕ್ಕೆ ಟಿಪ್ಪು ಈ ದೇವರನ್ನು ‘ಹಕೀಂ ನಂಜುಂಡ’ ಎಂದನೆಂಬ ಪ್ರತೀತಿಯಿದೆ. ಅಂಥ ಹಕೀಮರೂ ತಮ್ಮ ಗಂಟಲನ್ನು ವಾಸಿಮಾಡಿಕೊಳ್ಳದೆ ಬಿಟ್ಟರೆಂದರೆ ಮಂದ್ರದ ಮೇಲಿನ ಪ್ರೀತಿಯಲ್ಲದೆ ಬೇರೆ ಕಾರಣ ಕಾಣೆ. ಕೆಳಗೆ ನರಸೀಪುರದಲ್ಲಿ ಕಪಿಲೆ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿ ಎಂ. ಶೇಷಾದ್ರಿಯವರು ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ನೆಲೆ ಸಿಕ್ಕಿತು. ದಕ್ಷಿಣದ ನವಶಿಲಾಯುಗದವರು ದನ ಸಾಕಿದವರು. ದನವಿದ್ದ ಮೇಲೆ ಗುಟುರಿತ್ತು, ಗುಟುರಿದ್ದ ಮೇಲೆ ಅದಕ್ಕೊಂದು ಹೆಸರಿತ್ತು. ಅದೇ ತಾಲ್ಲೂಕಿನ ಮುಡುಕುತೊರೆಯಲ್ಲಿ ಇಂದಿಗೂ ದನಗಳ ಜಾತ್ರೆ ನೆರೆಯುತ್ತದೆ. ಇನ್ನು ಗುಂಜಾ ನರಸಿಂಹನ ಊರಾದ ನರಸೀಪುರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುತ್ತಾರೆ. ತೂಕದ ದನಿ ತೂಕದ ಊರಿನಲ್ಲಲ್ಲದೆ ವೆನಿಸ್ಸಿನಲ್ಲಿ ಹುಟ್ಟುತ್ತದೆಯೇ?

ಕಪಿಲೆಯ ಪದ ರೋಮಿಗೆ ಹೋದದ್ದು ಹೇಗೆ ಎಂಬ ಪ್ರಶ್ನೆ ಸಹಜ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕು 1903ರಲ್ಲಿ ಪ್ರಕಟವಾದ ಒಂದು ಗ್ರೀಕ್ ಪ್ರಹಸನವಿದೆ. ಹಸ್ತಪ್ರತಿ ಸುಮಾರು ಎರಡನೆಯ ಶತಮಾನದ್ದು. ಅದರಲ್ಲಿ ಭಾರತದ ರಾಜನೂ ಅವನ ಪರಿವಾರವೂ ಆಡುವ ಅರ್ಥವಾಗದ ಮಾತು ಕನ್ನಡವಿರಬಹುದೆಂದು ವಿದ್ವಾಂಸ ಹುಲ್ಟ್ಶ್ ಸೂಚಿಸಿದರು. ನಮ್ಮ ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಬೆನ್ನು ಹತ್ತಿದರು. ಒಪ್ಪದವರು ಬಹಳ ಮಂದಿ, ಅವರನ್ನು ಇಲ್ಲಿ ಎಣಿಸುವುದು ಶಾಸ್ತ್ರಕ್ಕೆ ಅನುಕೂಲವಲ್ಲ. ಎಲ್ಲರೂ ನಾಚಿಕೆಯಿಂದ ಬಿಟ್ಟ ಅಂಶ ಬೇರೆ. ಆ ನಾಟಕದ ವಿದೂಷಕ ಶತ್ರುಗಳನ್ನು ಓಡಿಸುವುದು ಅಪಾನವಾಯುವಿನಿಂದ. ಅದು ಎಲ್ಲೆಲ್ಲಿ ಹೊರಡಬೇಕು, ಎಲ್ಲೆಲ್ಲಿ ವಾದ್ಯ ಬಡಿಯಬೇಕು ಎಂದು ಹಸ್ತಪ್ರತಿಯಲ್ಲೇ ಗುರುತುಗಳಿವೆ. ಕನ್ನಡವೂ ತಗ್ಗಿನ ದನಿಯೂ ಒಂದೇ ರಂಗದ ಮೇಲೆ ಪಡುವಣಕ್ಕೆ ಪಯಣಿಸಿದ್ದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಬೇಕೆನ್ನುವವರು ಹಟವಾದಿಗಳು. ಅಲ್ಲಿಂದ ಮುಂದೆ ಎಲ್ಲವೂ ತಾನಾಗಿ ಬಿಡಿಸಿಕೊಳ್ಳುತ್ತದೆ. ಡಬಲ್ ಬೇಸ್ ಎಂದರೆ ಜೋಡೆತ್ತು. ಆ ವಾದ್ಯದ ಗಾತ್ರ ನೋಡಿದವರು ತಕರಾರೆತ್ತಲಾರರು. ಬೇಸ್‌ಮೆಂಟ್ ಎಂದರೆ ಬಸವಮಂಟಪ. ಬಸೂನ್ ಎಂಬ ಊದುವ ವಾದ್ಯ ‘ಬಸ’ ಮತ್ತು ‘ಊನ’ ಸೇರಿ ಆದದ್ದು, ಲೋಪಸಂಧಿ. ಅದನ್ನು ಕೇಳಿದವರಿಗೆ ಊನ ಎಲ್ಲಿದೆಯೆಂದು ವಿವರಿಸಬೇಕಿಲ್ಲ.

ಆಕ್ಷೇಪಗಳಿಗೆ ಉತ್ತರಿಸಬೇಕು. ಅದೇ ಕಾಗುಣಿತದ, ‘ಬ್ಯಾಸ್’ ಎಂದು ಓದುವ ಮೀನೊಂದಿದೆಯಲ್ಲ ಎಂದು ಕೆಲವರು. ಅದು ಹಳೆಯ ಇಂಗ್ಲಿಷಿನ ‘ಬಾರ್ಸ್’, ರಕಾರ ಉದುರಿ ಹಾಗಾಯಿತು. ಮೇಲಾಗಿ ಬಾಯಿಲ್ಲದ ಪ್ರಾಣಿಯ ಸಾಕ್ಷ್ಯ ದನಿಯ ವ್ಯಾಜ್ಯದಲ್ಲಿ ನಿಲ್ಲದು. ನಮಗೆ ‘ಮಂದ್ರ’ ಇರುವಾಗ ಬೇಸ್ ಏಕೆ, ತಂಬೂರಿಯ ಒಂದು ತಂತಿಗೇ ಆ ಹೆಸರಿದೆ, ಭೈರಪ್ಪನವರು ಅದೇ ಹೆಸರಿನ ಕಾದಂಬರಿ ಬರೆದು ಸರಸ್ವತಿ ಸಮ್ಮಾನ್ ಪಡೆದರಲ್ಲ ಎಂಬುದು ಎರಡನೆಯ ವಾದ. ಮಂದ್ರ ಜಮಖಾನದ ಮೇಲೆ ಕೂತು ಕೇಳುವಂಥದು. ಬೇಸ್ ರಥಬೀದಿಯಲ್ಲಿ ನಿಂತು ತಿನ್ನುವಂಥದು. ತಮಟೆ ನಗಾರಿಗಳ ಚರ್ಮ ದನದ್ದೇ ಆದ್ದರಿಂದ ಬಸವ ಸತ್ತ ಮೇಲೂ ಬೀದಿಯನ್ನು ಬಿಟ್ಟುಕೊಟ್ಟಿಲ್ಲ. ‘ವ’ಕಾರ ಹಾಗೆ ಸುಮ್ಮನೆ ಉದುರೀತೇ ಎನ್ನುವವರು ಅಮೆರಿಕದಲ್ಲಿ ನೆಲೆಸಿದ ಯಾರಾದರೂ ಬಸವರಾಜನ ವಿಸಿಟಿಂಗ್ ಕಾರ್ಡನ್ನು ನೋಡಬಹುದು. ಉಳಿದದ್ದು ಒಂದೇ, ಕೊಂಚ ಗಟ್ಟಿಯಾದ ಆಕ್ಷೇಪ: ಶ್ರೀಕಂಠೇಶ್ವರನ ಎದುರಿನ ನಂದಿ ಕಲ್ಲಿನದು, ಅದು ಗುಟುರು ಹಾಕಿದ್ದನ್ನು ಕೇಳಿದವರಿಲ್ಲ. ಭೌತವಿಜ್ಞಾನದ ಪ್ರಕಾರ ಸೆಕೆಂಡಿಗೆ ಸುಮಾರು 20 ಕಂಪನಗಳಿಗಿಂತ ಕೆಳಗಿನ ದನಿ ಮನುಷ್ಯನ ಕಿವಿಗೆ ನಿಲುಕುವುದಿಲ್ಲ. ಬಸವಣ್ಣ 19ರಲ್ಲಿ ಹಾಕುತ್ತಿಲ್ಲವೆಂದು ಸಾಧಿಸುವ ಹೊಣೆ ಆಕ್ಷೇಪಿಸಿದವರದು.