ದಂಡೆ ಮುಟ್ಟಿ ಬಂದವರ ದರ್ಶನಶಾಸ್ತ್ರ: ಬಿಲ್ಬಾವೊ ಮತ್ತು ಕಣೇಕಲ್ಲು ಬಂದರುಗಳ ತೌಲನಿಕ ಅಧ್ಯಯನ

ಯಾವುದೇ ಊರನ್ನು ಸಂಪೂರ್ಣವಾಗಿ ಅರಿಯಲು ಆರು ತಾಸು ಸಾಕು, ಅದಕ್ಕಿಂತ ಹೆಚ್ಚು ನಿಂತರೆ ಜ್ಞಾನ ಕೆಡುತ್ತದೆ. ಇದನ್ನು ಸಾಧಿಸುವುದೇ ಈ ಪ್ರಬಂಧದ ಉದ್ದೇಶ. ವಿದ್ವಾಂಸರಿಗೆ ಈ ಸತ್ಯ ಈವರೆಗೆ ಹೊಳೆಯದಿರಲು ಕಾರಣ, ಅವರು ಒಂದೊಂದು ಊರಲ್ಲಿ ವರ್ಷಗಟ್ಟಲೆ ಕೂತುಬಿಟ್ಟದ್ದು. ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಒಪ್ಪಿದರು. ಐದನೆಯದಾಗಿ ನಾವು ಕ್ರೂಸ್ ಪ್ರಮಾಣವನ್ನು ಸೇರಿಸುತ್ತಿದ್ದೇವೆ.

ನಮ್ಮ ಮುಖ್ಯ ಆಕರ ಆಂಧ್ರದ ರಾಯದುರ್ಗ ಸೀಮೆಯ ಕಣೇಕಲ್ಲಿನ ಒಬ್ಬ ಹಿರಿಯರು. ಇಂಗ್ಲೆಂಡಿನಲ್ಲಿರುವ ಮಗ ಅವರನ್ನು ಸೌತಾಂಪ್ಟನ್ನಿನಲ್ಲಿ ಹಡಗು ಹತ್ತಿಸಿಕೊಂಡು ಸ್ಪೇನಿನ ಬಿಲ್ಬಾವೊಕ್ಕೆ ಕರೆದೊಯ್ದ. ಬೆಳಿಗ್ಗೆ ಒಂಬತ್ತಕ್ಕೆ ಇಳಿದರು, ಮಧ್ಯಾಹ್ನ ಮೂರಕ್ಕೆ ಹತ್ತಿದರು. ಅಂದಿನಿಂದ ಬಸ್ ಸ್ಟ್ಯಾಂಡ್ ಎದುರಿನ ಹೋಟ್ಲಿನಲ್ಲಿ ಬಾಸ್ಕ್ ನಾಡಿನ ಬಗ್ಗೆ ಅವರದೇ ಕೊನೆಯ ಮಾತು. "ಬಾಸ್ಕ್ ಮಂದಿ ಬಾಳ ಬಿಗಿ ರೀ, ಆದ್ರೆ ಒಳಗೆ ಮೆತ್ತಗ" ಎಂಬುದು ಅವರ ಸಿದ್ಧಾಂತ. ಒಂದು ಯೂರೋ ಕೂಡ ಕಡಿಮೆ ಮಾಡದ ಟೋಪಿ ಅಂಗಡಿಯವನಿಂದ ಸಿದ್ಧಾಂತದ ಪೂರ್ವಾರ್ಧ ಹುಟ್ಟಿತು. ಅವನೇ ಕೈಚೀಲ ಬಿಟ್ಟಿ ಕೊಟ್ಟದ್ದರಿಂದ ಉತ್ತರಾರ್ಧ.

1997ರಲ್ಲಿ ತೆರೆದ, ಫ್ರಾಂಕ್ ಗೆಹ್ರಿ ಕಟ್ಟಿದ ಗುಗೆನ್‌ಹೈಮ್ ಮ್ಯೂಸಿಯಮ್ಮನ್ನೂ ಅವರು ಕೂಲಂಕಷವಾಗಿ ಅಭ್ಯಸಿಸಿದ್ದಾರೆ. ಒಳಗೆ ಹೋಗಿಲ್ಲ. ಬಾಗಿಲೆದುರು ಜೆಫ್ ಕೂನ್ಸ್ ಮಾಡಿದ, ಮೈತುಂಬ ಹೂಗಿಡ ಹೊತ್ತ ನಾಯಿಯೊಂದಿದೆ, ನಮ್ಮ ನಾಲ್ಕಂತಸ್ತಿನ ಮನೆಯಷ್ಟು ಎತ್ತರ. ಹೊರಗೆ ಇಂಥದ್ದು ನಿಲ್ಲಿಸಿದವರು ಒಳಗೂ ಇಂಥದ್ದನ್ನೇ ಇಟ್ಟಿರುತ್ತಾರೆಂದು ಅವರು ನಿರ್ಣಯಿಸಿದರು. ಇದು ಅನುಮಾನ ಪ್ರಮಾಣ. ಟಿಕೆಟ್ಟಿನ ದರದ ಫಲಕ ಇದಕ್ಕೆ ಪೋಷಕ. 1893ರ ವಿಸ್ಕಾಯಾ ಸೇತುವೆಯಲ್ಲಿ ಜನರನ್ನೂ ಕಾರುಗಳನ್ನೂ ತೂಗುತೊಟ್ಟಿಲಲ್ಲಿ ಹೊಳೆ ದಾಟಿಸುತ್ತಾರೆ. 2006ರಿಂದ ಅದು ಯುನೆಸ್ಕೊ ಪಟ್ಟಿಯಲ್ಲಿದೆ. ಅದನ್ನು ಅವರು ಬಸ್ಸಿನ ಕಿಟಕಿಯಿಂದ, ಎಡಬದಿಯ ಸೀಟಿನವರ ತಲೆಗಳ ಸಂದಿಯಲ್ಲಿ, ಸಾಕಷ್ಟು ಆಳವಾಗಿ ಪರಿಶೀಲಿಸಿದರು. ತಿನಿಸಿನ ಅಂಗಡಿಯಲ್ಲಿ ಪಿಂಚೊ ಎಂಬ ಕಡ್ಡಿ ಚುಚ್ಚಿದ ರೊಟ್ಟಿತುಂಡುಗಳು ಸಿಗುತ್ತವೆ. ತಿಂದ ಮೇಲೆ ತಟ್ಟೆಯ ಕಡ್ಡಿ ಎಣಿಸಿ ಬಿಲ್ಲು ಮಾಡುವ ರೂಢಿಯಿದೆ. ಈ ಪದ್ಧತಿ ಕಣೇಕಲ್ಲಿಗೆ ಬಂದರೆ ಉಗ್ಗಾಣಿ–ಬಜ್ಜಿಯ ವ್ಯಾಪಾರ ವಾರದಲ್ಲಿ ಮುಳುಗುತ್ತದೆ ಎಂಬ ಅವರ ಅಭಿಪ್ರಾಯವನ್ನು ಮಾತ್ರ ನಾವು ವಿಮರ್ಶೆಯಿಲ್ಲದೆ ಸ್ವೀಕರಿಸುತ್ತೇವೆ.

ಇನ್ನು ಪೂರ್ವಪಕ್ಷ. ಕಣೇಕಲ್ಲು ಬಂದರು ಹೇಗಾದೀತು, ಸಮುದ್ರವೆಲ್ಲಿದೆ ಎಂದು ಕೆಲವರು ಕೇಳುತ್ತಾರೆ. ಬಿಲ್ಬಾವೊ ಪೇಟೆಯಾದರೂ ಸಮುದ್ರದ ಮೇಲಿಲ್ಲ. ಕ್ರೂಸ್ ಹಡಗು ನಿಲ್ಲುವುದು ಗೆಚೊದಲ್ಲಿ; ಅಲ್ಲಿಂದ ಬಸ್ಸು. ಉಬ್ಬರವಿಳಿತ? ಅಲ್ಲಿನ ನೆರ್ವಿಯೋನ್ ನದಿಗೆ ಅದು ಚಂದ್ರನಿಂದ ಬರುತ್ತದೆ, ನಮ್ಮ ಎಚ್ಚೆಲ್ಸಿ (ಮೇಲ್ಮಟ್ಟದ) ಕಾಲುವೆಗೆ ತುಂಗಭದ್ರಾ ಮಂಡಳಿಯಿಂದ. ಚಂದ್ರನಿಗೆ ಪಂಚಾಂಗವಿದೆ ಎಂಬುದಷ್ಟೇ ವ್ಯತ್ಯಾಸ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಇಲ್ಲಿನ ಭತ್ತದ ರೈತರು ಅನುಭವಿಸಿದ ಆತಂಕ ಯಾವ ನಾವಿಕನ ಆತಂಕಕ್ಕೂ ಕಡಿಮೆಯದಲ್ಲ. ಅದಿರು? ಬಿಲ್ಬಾವೊ ಬೆಳೆದದ್ದೇ ಕಬ್ಬಿಣದ ಅದಿರನ್ನು ಬ್ರಿಟನ್ನಿಗೆ ಸಾಗಿಸಿ. ನಮ್ಮ ಪಕ್ಕದ ಓಬುಳಾಪುರದಲ್ಲೂ ಅದಿರು ತೆಗೆದರು. ಎಷ್ಟರಮಟ್ಟಿಗೆಂದರೆ ಎರಡು ರಾಜ್ಯಗಳ ಗಡಿಗುರುತೇ ಕಾಣದಾಗಿ ಸರ್ವೇ ಆಫ್ ಇಂಡಿಯಾದವರು ಬಂದು ಅಳೆಯಬೇಕಾಯಿತು. ಉಳಿದದ್ದು ಮರಳು. ಹಗರಿ ಹೊಳೆಯ ಮರಳು ಗಾಳಿಗೆ ಹಾರಿ ದರ್ಗಾ ಹೊನ್ನೂರು, ಬೊಮ್ಮನಹಾಳು ಕಡೆ ಹೊಲಗಳ ಮೇಲೆ ದಿಬ್ಬ ದಿಬ್ಬವಾಗಿ ಕೂತಿದೆ. ಬೀಚ್ ತಯಾರಿದೆ, ಸಮುದ್ರ ಮಂಜೂರಾಗಬೇಕು ಅಷ್ಟೇ.

ಬಂದರಿನ ಪರಮ ಲಕ್ಷಣವೆಂದರೆ ಹಡಗು ಬಂದು ಹೋಗುವುದು. ಪಣಂಬೂರಿಗೆ ಕ್ರೂಸ್ ಬಂದಾಗ ಪ್ರವಾಸಿಗಳಿಗೆ ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೋಡಂಬಿ ಕಾರ್ಖಾನೆ ತೋರಿಸಿ ಸಂಜೆಯೊಳಗೆ ಹಡಗಿಗೆ ಸೇರಿಸುತ್ತಾರೆ. ಕಣೇಕಲ್ಲಿನ ಹಂಗಾಮು ನವೆಂಬರ್. ಕರ್ನಾಟಕದ ನಂಬರ್ ಪ್ಲೇಟಿನ ಹಡಗುಗಳು ಹನ್ನೊಂದರ ಸುಮಾರಿಗೆ ಲಂಗರು ಹಾಕುತ್ತವೆ. ಗಡಿನಾಡ ಕನ್ನಡಿಗರ ಸ್ಥಿತಿಗತಿ ತಿಳಿಯುವುದು ಅವುಗಳ ಉದ್ದೇಶ. ಶಾಲು, ಹಾರ, ಫೋಟೊ, ಊಟ. ಮೂರಕ್ಕೆ ಲಂಗರು ಎತ್ತುವುದು.

ಅಂಥ ಒಂದು ತಂಡದ ಕ್ಷೇತ್ರಕಾರ್ಯವನ್ನು ನಾವು ಹತ್ತಿರದಿಂದ ನೋಡಿದ್ದೇವೆ. ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವ ಅಜ್ಜಿಯ ಮುಂದೆ ಮೊಬೈಲು ಹಿಡಿದು "ಅಮ್ಮಾ, ಕನ್ನಡ ಬರುತ್ತಾ?" ಎಂದರು. "ಬರ್ದೇ ಏನ್ ಮಾಡ್ತೈತಪ್ಪ? ಎಷ್ಟು ಸೇರು ಬೇಕು ಹೇಳು" ಎಂದಳು. ಕನ್ನಡ ಇಲ್ಲಿ ಜೀವಂತವಾಗಿದೆ ಎಂದು ಬರೆದುಕೊಂಡರು. ಅಷ್ಟರಲ್ಲಿ ರಾಯದುರ್ಗದ ಬಸ್ಸು ಬಂತು. ಅಜ್ಜಿ ಕಂಡಕ್ಟರನ ಜೊತೆ ಗಂಟಿನ ಲಗೇಜಿಗಾಗಿ ತೆಲುಗಿನಲ್ಲಿ ಜಗಳಕ್ಕೆ ನಿಂತಳು. ಕನ್ನಡ ಅಪಾಯದಲ್ಲಿದೆ ಎಂದು ಅದೇ ಪುಟದ ಕೆಳಗೆ ಬರೆದುಕೊಂಡರು. ಆಮೇಲೆ ಅವಳು ಪಕ್ಕದ ಬಳೆ ಅಂಗಡಿಯ ಸಾಬರ ಹತ್ತಿರ ಉರ್ದುವಿನಲ್ಲಿ ಚಿಲ್ಲರೆ ಕೇಳಿದ್ದು ವರದಿಯಲ್ಲಿಲ್ಲ. ಊಟಕ್ಕೆ ಕರೆ ಬಂದಿತ್ತು.

ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ, ಆದೋನಿ ಮತ್ತು ಆಲೂರಿನ ಜೊತೆಗೆ. ಇಂಥದ್ದೇ ಗಡಿಸೀಮೆಯಾದ ಮಡಕಶಿರಾ 2022ರಲ್ಲಿ ಅನಂತಪುರವನ್ನೂ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಆ ಸೀಮೆಯಲ್ಲಿ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಕನ್ನಡ ಶಾಸನಗಳು ಮಾತ್ರ ಕದಲದೆ ಅಲ್ಲೇ ನಿಂತಿವೆ. ಬಾಸ್ಕ್ ಜನರದೂ ಇದೇ ಕಥೆ: ಹೆಚ್ಚಿನ ಪಾಲು ಸ್ಪೇನು, ಉಳಿದದ್ದು ಫ್ರಾನ್ಸು. ಗಡಿಯ ಬಿದಾಸೋವಾ ನದಿಯಲ್ಲಿ ಫೆಸೆಂಟ್ ಎಂಬ ಪುಟ್ಟ ದ್ವೀಪವಿದೆ. 1659ರಲ್ಲಿ ಎರಡು ರಾಜ್ಯಗಳ ಒಪ್ಪಂದ ಆದದ್ದು ಅಲ್ಲೇ. ಇಂದಿಗೂ ಫೆಬ್ರವರಿಯಿಂದ ಜುಲೈವರೆಗೆ ಅದು ಸ್ಪೇನಿನದು, ಆಗಸ್ಟಿನಿಂದ ಜನವರಿಯವರೆಗೆ ಫ್ರಾನ್ಸಿನದು. ಕಣೇಕಲ್ಲಿಗೂ ಈ ಏರ್ಪಾಡು ಮಾಡಬಾರದೇಕೆ? ಒಂದೇ ತೊಡಕು: ಕಾಲುವೆಯಲ್ಲಿ ನೀರಿರುವ ಆರು ತಿಂಗಳು ಎರಡೂ ರಾಜ್ಯ ನನ್ನದು ಎನ್ನಬಹುದು, ಬತ್ತಿದ ಆರು ತಿಂಗಳು ಎರಡೂ ನಿನ್ನದು ಎನ್ನಬಹುದು.

ನಮ್ಮ ಮಾಹಿತಿದಾರರು ಹೇಳದ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಫ್ರಾಂಕೋ ಆಳ್ವಿಕೆ ಬಾಸ್ಕ್ ಭಾಷೆಯನ್ನು ಶಾಲೆಗಳಿಂದ ಹೊರಗಿಟ್ಟಿತ್ತು. ಆಗ ತಂದೆತಾಯಂದಿರು, ಮೇಷ್ಟ್ರುಗಳು ಸೇರಿ ಇಕಾಸ್ತೊಲಾ ಎಂಬ ತಮ್ಮದೇ ಶಾಲೆಗಳನ್ನು ನಡೆಸಿದರು, ಮೊದಮೊದಲು ಮನೆಗಳಲ್ಲೇ. ಹಂಚಿಹೋಗಿದ್ದ ಆಡುನುಡಿಗಳಿಗೆಲ್ಲ ಒಪ್ಪುವ ಬರಹದ ರೂಪವೊಂದನ್ನು 1968ರಿಂದ ರೂಪಿಸಿಕೊಂಡರು. 1979ರಲ್ಲಿ ಅವರ ಭಾಷೆ ಆ ಪ್ರಾಂತದಲ್ಲಿ ಸ್ಪ್ಯಾನಿಷ್ ಜೊತೆಗೆ ಆಡಳಿತ ಭಾಷೆಯಾಯಿತು. ಈಗ ಮಕ್ಕಳು ಗಣಿತವನ್ನೂ ಅದರಲ್ಲೇ ಕಲಿಯುತ್ತಾರೆ. ಇದು ನಮ್ಮ ಹಿರಿಯರಿಗೆ ತಿಳಿಯದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ, ಬಸ್ಸು ಯಾವ ಶಾಲೆಯ ಮುಂದೂ ನಿಲ್ಲಲಿಲ್ಲ. ನವೆಂಬರಿನ ಹಡಗುಗಳು ನಮ್ಮ ಶಾಲೆಗಳ ಮುಂದೆ ನಿಲ್ಲುತ್ತವೆ, ನಿಜ. ಆದರೆ ನಿಲ್ಲುವುದು ಅಂಗಳದಲ್ಲಿ, ಶಾಮಿಯಾನದ ಕೆಳಗೆ. ಆ ದಿನ ತರಗತಿಗೆ ರಜೆ.

ಆದ್ದರಿಂದ ಬಂದರಿನ ಪರವಾಗಿ ಒಂದು ಬಿನ್ನಹ. ಈ ಸಲ ಬರುವವರು ಶಾಲು ತರುವುದು ಬೇಡ, ಮನೆಗೆ ಹತ್ತಾರು ಬಿದ್ದಿವೆ. ಹತ್ತನೇ ತರಗತಿಗೆ ಕನ್ನಡದಲ್ಲಿ ಗಣಿತ ಹೇಳಿಕೊಡಬಲ್ಲ ಒಬ್ಬ ಮೇಷ್ಟ್ರನ್ನು ಕರೆತನ್ನಿ. ಮತ್ತು ಮೂರು ಗಂಟೆಗೆ ಹೊರಡುವಾಗ ದಯವಿಟ್ಟು ಅವರನ್ನು ಇಲ್ಲೇ ಬಿಟ್ಟುಹೋಗಿ.