ನಿರ್ಬಂಧಿತ ಸ್ವಾತಂತ್ರ್ಯದ ತಾತ್ವಿಕ ನೆಲೆಗಳು: ಚಿಟಗುಪ್ಪದಿಂದ ಒಂದು ಮರುಚಿಂತನೆ

1.0 ಪೀಠಿಕೆ

ಸ್ವಾತಂತ್ರ್ಯವೆಂದರೇನು ಎಂಬುದನ್ನು ಪೂರ್ವಸೂರಿಗಳು ಹಲವು ನೆಲೆಗಳಲ್ಲಿ, ಹಲವು ಆಯಾಮಗಳಲ್ಲಿ, ಟಿ.ಎ., ಡಿ.ಎ. ಸಹಿತ ಚರ್ಚಿಸಿದ್ದಾರೆ. ಆದರೆ ‘ಹೋಗು ಅಂದೇವಿ, ಹೋಗಬ್ಯಾಡ’ ಎಂಬ ವಿಶಿಷ್ಟ ಸ್ವಾತಂತ್ರ್ಯದ ಕಡೆ ವಿದ್ವತ್ ಲೋಕದ ಗಮನ ಹರಿದಿಲ್ಲ. ಈ ಕೊರತೆಯನ್ನು ನೀಗಿಸುವುದೇ ಪ್ರಸ್ತುತ ಪ್ರಬಂಧದ ಆಶಯ. ವ್ಯಾಪ್ತಿ: ಅಮೆರಿಕದ ಫುಟ್‌ಬಾಲ್, ಭಾರತದ ಹರಾಜು ಕ್ರಿಕೆಟ್, ಬೀದರ್ ಜಿಲ್ಲೆಯಲ್ಲಿ ಹುಮನಾಬಾದಿನಿಂದ ಬೇರ್ಪಟ್ಟು ತಾಲ್ಲೂಕಾದ ಚಿಟಗುಪ್ಪ. ಮಿತಿ: ಹದಿನೈದು ನಿಮಿಷ. ಅಧ್ಯಕ್ಷರು ಚೀಟಿ ಕಳಿಸಿದರೆ ಏಳು.

1.1 ವ್ಯಾಖ್ಯೆ

ಎನ್‌ಎಫ್‌ಎಲ್ ಎಂಬ ಲೀಗ್‌ನಲ್ಲಿ ಚೆಂಡನ್ನು ಬಹುತೇಕ ಕೈಯಲ್ಲಿ ಹಿಡಿದೇ ಓಡುತ್ತಾರೆ, ಆದರೂ ಅದಕ್ಕೆ ಫುಟ್‌ಬಾಲ್ ಎನ್ನುತ್ತಾರೆ. ಮಿಕ್ಕ ಪರಿಭಾಷೆಯೂ ಇದೇ ಜಾಡಿನದು. ಮೂರು ಸೀಸನ್ ಪೂರೈಸಿ ಒಪ್ಪಂದ ಮುಗಿದವನನ್ನು ‘ನಿರ್ಬಂಧಿತ ಸ್ವತಂತ್ರ ಆಟಗಾರ’ ಎನ್ನುತ್ತಾರೆ. ನಾಲ್ಕು ಪೂರೈಸಿದವನು ಪೂರಾ ಸ್ವತಂತ್ರ. ಮೂರರವನಿಗೆ ಹಳೆಯ ತಂಡ ಒಂದು ವರ್ಷದ ಟೆಂಡರ್ ಕೊಡುತ್ತದೆ. ಅವನು ಬೇರೆ ತಂಡದ ಬಾಗಿಲು ತಟ್ಟಬಹುದು. ಆ ತಂಡ ಎಷ್ಟು ಕೊಡುತ್ತದೆಂದು ಹಳೆಯವರು ನೋಡಿ, ಐದು ದಿನದೊಳಗೆ ಅಷ್ಟನ್ನೇ ತಾವು ಕೊಟ್ಟು ಉಳಿಸಿಕೊಳ್ಳಬಹುದು. ಇದು ಸರಿಗಟ್ಟುವ ಹಕ್ಕು. ಬಿಟ್ಟುಕೊಟ್ಟರೆ ಪರಿಹಾರವಾಗಿ, ಏಪ್ರಿಲ್‌ನಲ್ಲಿ ನಡೆಯುವ ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ಹೊಸಬನೊಬ್ಬನನ್ನು ಆರಿಸುವ ಸರದಿ ಅವರಿಗೆ ಸಿಗುತ್ತದೆ. ಟೆಂಡರ್ ದುಬಾರಿಯಾಗಿದ್ದರೆ ಮೊದಲ ಸುತ್ತಿನ ಸರದಿ, ಅದಕ್ಕಿಂತ ಕಮ್ಮಿಯಿದ್ದರೆ ಎರಡನೆಯದು. ಅದಕ್ಕೂ ಅಗ್ಗದ ಟೆಂಡರ್ ಆದರೆ, ಅವನು ಹಿಂದೆ ಯಾವ ಸುತ್ತಿನಲ್ಲಿ ಆಯ್ಕೆಯಾಗಿದ್ದನೋ ಆ ಸುತ್ತಿನದು.

1.1.1 ದೇಸಿ ಅನುಸಂಧಾನ

ಈ ಕಡೆಯ ಜಾತ್ರೆಗಳ ಕುಸ್ತಿ ಕಣದಲ್ಲಿ ಮೊದಲ ಜೋಡಿಗಳು ತೆಂಗಿನಕಾಯಿಗೆ ಆಡುತ್ತವೆ, ಕೊನೆಯ ಜೋಡಿ ಬೆಳ್ಳಿ ಕಡಕ್ಕೆ. ಎನ್‌ಎಫ್‌ಎಲ್ ಲೆಕ್ಕ ಇಲ್ಲಿಗೆ ಬಂದರೆ ಹೀಗಾಗುತ್ತದೆ: ಹುಡುಗ ಮೊದಲ ಸಲ ಕಾಯಿ ಕುಸ್ತಿಗೆ ಇಳಿದಿದ್ದರೆ, ಈಗ ಕಡದ ಪೈಲ್ವಾನನಾಗಿದ್ದರೂ ಅವನನ್ನು ಬಿಟ್ಟುಕೊಟ್ಟ ತಾಲೀಮಿಗೆ ಸಿಗುವುದು ಒಂದು ಕಾಯಿ. ಯಾರೂ ಕರೆಯದೆ ತಾನಾಗಿ ಕಣಕ್ಕೆ ಬಂದವನಾದರೆ ಕಾಯಿಯೂ ಇಲ್ಲ. 2016ರಲ್ಲಿ ಬಫಲೊ ತಂಡಕ್ಕೆ ಆದದ್ದು ಇದೇ. ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾಗಿದ್ದ ಕ್ರಿಸ್ ಹೋಗನ್‌ಗೆ ಬಫಲೊ ಅಗ್ಗದ ಟೆಂಡರ್ ಕೊಟ್ಟಿತು. ನ್ಯೂ ಇಂಗ್ಲೆಂಡ್ ಅವನನ್ನು ಎತ್ತಿಕೊಂಡು ಹೋಯಿತು. ಪರಿಹಾರ ಸೊನ್ನೆ. ಮರುವರ್ಷ ಮೈಕ್ ಗಿಲ್‌ಸ್ಲೀ ಸರದಿ. 2013ರಲ್ಲಿ ಐದನೆಯ ಸುತ್ತಿನಲ್ಲಿ ಅವನನ್ನು ಆರಿಸಿದ್ದು ಮಯಾಮಿ, ಆಡಿಸಿ ಬೆಳೆಸಿದ್ದು ಬಫಲೊ, ಒಯ್ದದ್ದು ಮತ್ತೆ ಅದೇ ನ್ಯೂ ಇಂಗ್ಲೆಂಡ್. ಬಫಲೊ ಕೈಗೆ ಬಂದದ್ದು ಐದನೆಯ ಸುತ್ತಿನ ಒಂದು ಸರದಿ.

1.1.1(ಅ) ವಿಷಗುಳಿಗೆಯ ಪರಿಕಲ್ಪನೆ

2006ರಲ್ಲಿ ಮಿನೆಸೋಟ ತಂಡ ಸಿಯಾಟಲ್‌ನ ಸ್ಟೀವ್ ಹಚಿನ್‌ಸನ್‌ಗೆ 7 ವರ್ಷಕ್ಕೆ 49 ಮಿಲಿಯನ್ ಡಾಲರ್ ಒಡ್ಡಿತು. ಅದರಲ್ಲೊಂದು ಷರತ್ತು: ಅವನಿರುವ ತಂಡದ ಆಕ್ರಮಣ ಸಾಲಿನಲ್ಲಿ ಅವನಿಗೇ ಅತಿ ಹೆಚ್ಚು ಸಂಬಳ ಇರಬೇಕು, ಇಲ್ಲವಾದರೆ ಪೂರ್ತಿ ಹಣಕ್ಕೆ ಖಾತರಿ ಕೊಡಬೇಕು. ಸಿಯಾಟಲ್‌ನಲ್ಲಿ ಅವನಿಗಿಂತ ಹೆಚ್ಚು ಪಡೆಯುವ ವಾಲ್ಟರ್ ಜೋನ್ಸ್ ಆಗಲೇ ಇದ್ದ. ಸರಿಗಟ್ಟುವ ಹಕ್ಕು ಕಾಗದದಲ್ಲೇ ಉಳಿಯಿತು. ಸಿಯಾಟಲ್‌ನವರು ಸುಮ್ಮನೆ ಕೂಡಲಿಲ್ಲ. ಮಿನೆಸೋಟದ ನಿರ್ಬಂಧಿತ ಸ್ವತಂತ್ರ ನೇಟ್ ಬರ್ಲ್‌ಸನ್‌ಗೆ ತಾವೂ ಅಷ್ಟೇ, 7 ವರ್ಷಕ್ಕೆ 49 ಮಿಲಿಯನ್ ಒಡ್ಡಿದರು. ಷರತ್ತು: ಒಂದು ಸೀಸನ್‌ನಲ್ಲಿ ಮಿನೆಸೋಟ ರಾಜ್ಯದೊಳಗೆ ಐದು ಪಂದ್ಯ ಆಡಿದರೆ ಪೂರ್ತಿ ಖಾತರಿ! ತವರು ಮೈದಾನವೇ ಮಿನೆಸೋಟದಲ್ಲಿರುವ ತಂಡ ಇದನ್ನು ಹೇಗೆ ಸರಿಗಟ್ಟೀತು? ಮೂರನೆಯ ಸುತ್ತಿನ ಸರದಿ ಪಡೆದು ಸುಮ್ಮನಾಯಿತು. ಲೀಗ್ ಮತ್ತು ಆಟಗಾರರ ನಡುವಿನ 2011ರ ಒಪ್ಪಂದದಲ್ಲಿ ಇಂಥ ‘ವಿಷಗುಳಿಗೆ’ ಷರತ್ತುಗಳನ್ನು ನಿಷೇಧಿಸಲಾಯಿತು. ಪಂಪನಿಂದ ಇಂದಿನವರೆಗೆ ಸೇಡಿನ ಕಥನಗಳನ್ನು ಅಧ್ಯಯನ ಮಾಡಿದವರು ಈ ಪ್ರಸಂಗವನ್ನು ಬಿಟ್ಟದ್ದು ವಿಷಾದನೀಯ.

2.0 ಭಾರತೀಯ ಸಂದರ್ಭ

ಸ್ವತಂತ್ರರಲ್ಲಿ ಐದು ವಿಧ: ಸರಿಗಟ್ಟಲ್ಪಟ್ಟವರು, ಸರಿಗಟ್ಟಲ್ಪಡದವರು, ಪತ್ರಸ್ವತಂತ್ರರು, ನಾಮಮಾತ್ರ ಸ್ವತಂತ್ರರು, ಕೇಳುವವರಿಲ್ಲದವರು. ಸರಿಗಟ್ಟಲ್ಪಟ್ಟವರಲ್ಲಿ ಮತ್ತೆ ಮೂರು ಉಪವಿಧಗಳಿದ್ದು ಅವು ಕ್ರಮವಾಗಿ... ಬೇಡ. ಮುಂದಿನ ಸಾಲಿನ ಪ್ರಾಧ್ಯಾಪಕರು ಆಗಲೇ ಊಟದ ಕೂಪನ್ ಹುಡುಕುತ್ತಿದ್ದಾರೆ. ವಿಭಾಗದ ಅಂಕಿಗಳೂ ವಿಧಗಳೂ ಇಲ್ಲಿಗೆ ಸಾಕು.

ಐಪಿಎಲ್‌ನಲ್ಲಿ ಸರಿಗಟ್ಟುವ ಹಕ್ಕಿನ ಹೆಸರು ಆರ್‌ಟಿಎಂ ಕಾರ್ಡ್. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿನಲ್ಲಿ ಲಖನೌ ತಂಡ ರಿಷಭ್ ಪಂತ್‌ಗೆ 20.75 ಕೋಟಿ ಕೂಗಿತು. ಹಳೆಯ ಒಡೆಯ ದೆಹಲಿ ಕಾರ್ಡ್ ಎತ್ತಿತು. ಹೊಸ ನಿಯಮದಂತೆ ಲಖನೌಗೆ ಇನ್ನೊಮ್ಮೆ ಏರಿಸುವ ಅವಕಾಶ. ಅದು ಸೀದಾ 27 ಕೋಟಿ ಎಂದಿತು. ದೆಹಲಿ ಕಾರ್ಡ್ ಮಡಚಿ ಇಟ್ಟುಕೊಂಡಿತು. ಅದೇ ಹರಾಜಿನಲ್ಲಿ ಬೆಂಗಳೂರು ತಂಡ ಏಳು ವರ್ಷ ಜೊತೆಗಿದ್ದ ಮೊಹಮ್ಮದ್ ಸಿರಾಜ್‌ಗೆ ಕಾರ್ಡ್ ಎತ್ತಲಿಲ್ಲ, ಸ್ವಪ್ನಿಲ್ ಸಿಂಗ್‌ಗೆ ಎತ್ತಿತು. ಸಿರಾಜ್ 12.25 ಕೋಟಿಗೆ ಗುಜರಾತ್ ಪಾಲಾದರು. ಬಿಟ್ಟುಕೊಟ್ಟ ತಂಡಕ್ಕೆ ಇಲ್ಲಿ ಕಾಯಿಯೂ ಇಲ್ಲ, ಕಡವೂ ಇಲ್ಲ.

ರಣಜಿಯಲ್ಲಿ ಕಾರ್ಡೂ ಇಲ್ಲ, ಒಂದು ನಿರಾಕ್ಷೇಪಣಾ ಪತ್ರವಷ್ಟೇ. 2016ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದ ಕರುಣ್ ನಾಯರ್‌ಗೆ ಕರ್ನಾಟಕ ತಂಡದಲ್ಲಿ ಜಾಗ ಸಿಗದಾಯಿತು. 2023ರಲ್ಲಿ ಆ ಪತ್ರ ಹಿಡಿದು ವಿದರ್ಭಕ್ಕೆ ಹೋದರು. 2024-25ರ ರಣಜಿಯಲ್ಲಿ 863 ರನ್ ಗಳಿಸಿದರು, ವಿದರ್ಭ ಟ್ರೋಫಿ ಎತ್ತಿತು. ಅದೇ ಸಾಲಿನ ವಿಜಯ್ ಹಜಾರೆಯಲ್ಲಿ 779 ರನ್, ಐದು ಶತಕ. ಫೈನಲ್‌ನಲ್ಲಿ ವಿದರ್ಭವನ್ನು ಸೋಲಿಸಿದ್ದು ಕರ್ನಾಟಕವೇ ಎಂಬುದು ನಮ್ಮವರಿಗೆ ಸಿಕ್ಕ ಏಕೈಕ ಪರಿಹಾರ. ಬಳಿಕ ಕರುಣ್ ಕರ್ನಾಟಕಕ್ಕೇ ಮರಳಿದರು.

ಇನ್ನು ಚಿಟಗುಪ್ಪ. 1956ರ ನವೆಂಬರ್ 1ರಂದು ಒಂದು ದೊಡ್ಡ ಡ್ರಾಫ್ಟ್ ನಡೆಯಿತು. ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆ ಮೂರು ತಂಡಗಳಿಗೆ ಹಂಚಿಹೋಯಿತು: ಉದಗೀರ, ನಿಲಂಗಾ, ಅಹಮದ್‌ಪುರ ಮುಂಬಯಿಗೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಹುಮನಾಬಾದ್, ಭಾಲ್ಕಿ, ಬೀದರ್ ಮೈಸೂರಿಗೆ. ಎನ್‌ಎಫ್‌ಎಲ್‌ನಲ್ಲಿ ಪರಿಹಾರದ ಸರದಿ ಅದೇ ವರ್ಷದ ಡ್ರಾಫ್ಟ್‌ನಲ್ಲಿ ಕೈಸೇರುತ್ತದೆ. ಇಲ್ಲಿ ಪರಿಹಾರವಾಗಿ ಸಂವಿಧಾನದ 371(ಜೆ) ವಿಧಿ ಬಂದದ್ದು 2012ರ 98ನೇ ತಿದ್ದುಪಡಿಯಲ್ಲಿ, ಅಂದರೆ 56 ವರ್ಷಕ್ಕೆ. ಸೀಟು ಬಂತು, ನೌಕರಿಯ ಮೀಸಲಾತಿ ಬಂತು, ಒಳ್ಳೆಯದೇ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರೂ ಬದಲಾಗಿ ಕಲ್ಯಾಣ ಕರ್ನಾಟಕವಾಯಿತು. ಹೆಸರಿಡುವುದರಲ್ಲಿ ಈ ನಾಡಿಗೆ ಎಂದೂ ಬಡತನವಿಲ್ಲ.

ಹೆಸರೆಂದಾಗ ಗುಲ್ಬರ್ಗ ಮಿಸ್ಟಿಕ್ಸ್ ನೆನಪಾಗುತ್ತದೆ. 2022ರಲ್ಲಿ ರಾಜ್ಯದ ಟಿ20 ಕ್ರಿಕೆಟ್ ಟೂರ್ನಿ ಮಹಾರಾಜ ಟ್ರೋಫಿಯ ಮೊದಲ ಆವೃತ್ತಿಯನ್ನೇ ಮನೀಷ್ ಪಾಂಡೆ ನಾಯಕತ್ವದಲ್ಲಿ ಗೆದ್ದ ತಂಡ. ಈ ಭಾಗದ ಹೆಸರು ಹೊತ್ತ ತಂಡವೆಂದು ಇಲ್ಲಿನ ಹುಡುಗರು ಮೊಬೈಲ್ ಹಿಡಿದು ಕುಣಿದರು. 2022ರಿಂದ 2025ರವರೆಗೆ ಟೂರ್ನಿಯ ಪಂದ್ಯಗಳು ನಡೆದದ್ದು ಬೆಂಗಳೂರು ಮತ್ತು ಮೈಸೂರಿನಲ್ಲಿ. ಕಲಬುರಗಿಯ ಹೆಸರಿನ ತಂಡ ಆ ವರ್ಷಗಳಲ್ಲಿ ಕಲಬುರಗಿಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ! ಅಂಗಿಯ ಮೇಲೆ ನಮ್ಮ ಊರು ಬೇಕು, ಅಂಗಳ ಮಾತ್ರ ಬೇಡ. ಐದು ಪಂದ್ಯಕ್ಕೆ ಖಾತರಿ ಎಂಬ ಬರ್ಲ್‌ಸನ್ ಷರತ್ತನ್ನು ಇವರಿಗೆ ಹಾಕಿದ್ದರೆ ಯಾರೂ ಒಂದು ಪೈಸೆ ಬಿಚ್ಚಬೇಕಿರಲಿಲ್ಲ.

ಪ್ರಬಂಧಕಾರನಿಗೆ ಪರಿಭಾಷೆ ಕೈಕೊಡುವುದು ಇಲ್ಲಿಯೇ. ಎನ್‌ಎಫ್‌ಎಲ್‌ನಲ್ಲಾಗಲಿ ಐಪಿಎಲ್‌ನಲ್ಲಾಗಲಿ ‘ಬಿಟ್ಟುಕೊಟ್ಟವರು’ ಎಂದರೆ ಒಬ್ಬ ಮಾಲೀಕ. ಹೋಗನ್ ಹೋದಾಗ ಬಫಲೊಗೆ ಏನೂ ಸಿಗಲಿಲ್ಲವೆಂದು ಮರುಗುವವರಿದ್ದಾರೆ. ಬಫಲೊಗಿಂತ ಮೊದಲು ಅವನಿಗೆ ಚೆಂಡು ಹಿಡಿಯಲು ಕಲಿಸಿದವರ ಮಾತೇ ಇಲ್ಲ. ಚಿಟಗುಪ್ಪದಂಥ ಊರಲ್ಲಿ ಆ ಕೆಲಸ ಮಾಡುವವರು ಪಿ.ಟಿ. ಮಾಸ್ತರರು. ಚುನಾವಣೆ ಬಂದರೆ ಅವರಿಗೆ ಬೂತ್ ಡ್ಯೂಟಿ, ಗಣತಿ ಬಂದರೆ ಮನೆ ಮನೆ ತಿರುಗುವುದು. ಉಳಿದ ಸಮಯದಲ್ಲಿ ಸ್ವಂತ ರೊಕ್ಕದಿಂದ ಟೆನಿಸ್ ಬಾಲ್ ತಂದು ಆಡಿಸುತ್ತಾರೆ. ಅವರ ಕೈಯಲ್ಲಿ ಬೆಳೆದ ಹುಡುಗ ಆಯ್ಕೆ ಸಮಿತಿಯ ಕಣ್ಣಿಗೆ ಬೀಳಬೇಕಾದರೆ ಆರುನೂರು ಕಿಲೋಮೀಟರ್ ದಾಟಿ ಬೆಂಗಳೂರು ಸೇರಬೇಕು. ಸೇರಿದ ಮೇಲೆ ಅವನು ‘ಬೆಂಗಳೂರಿನ ಆಟಗಾರ’. ಮಾಸ್ತರರಿಗೆ ಸರಿಗಟ್ಟುವ ಹಕ್ಕು ಇಲ್ಲ, ಅದನ್ನು ಅವರು ಕೇಳಿಯೂ ಇಲ್ಲ. ಶಾಲೆಗೆ ಒಂದು ಕ್ರಿಕೆಟ್ ಮ್ಯಾಟ್ ಕೇಳಿದ್ದರು.

ಕಾಲಿನಿಂದಲೇ ಆಡುವ ಫುಟ್‌ಬಾಲ್‌ನವರು ಇದಕ್ಕೊಂದು ದಾರಿ ಮಾಡಿದ್ದಾರೆ. ಆಟಗಾರನ ವರ್ಗಾವಣೆಗೆ ಕ್ಲಬ್ಬುಗಳು ಕೊಡುವ ಹಣದಲ್ಲಿ ನೂರಕ್ಕೆ ಐದು ಪಾಲನ್ನು, 12ರಿಂದ 23ರ ವಯಸ್ಸಿನಲ್ಲಿ ಅವನಿಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಬೇಕೆಂದು ಫಿಫಾ ನಿಯಮವಿದೆ. ಐಪಿಎಲ್ ಹರಾಜಿನ ಹಣ ಆಟಗಾರನ ಸಂಬಳ, ಅದನ್ನು ಮುಟ್ಟುವುದು ಬೇಡ. ಕೊಳ್ಳುವ ಫ್ರಾಂಚೈಸಿಯೇ ಅದರ ಮೇಲೆ ಬೇರೆಯಾಗಿ ನೂರಕ್ಕೆ ಐದು ಕಟ್ಟಲಿ. ಆ ದುಡ್ಡು ಆಟಗಾರ ಎಳವೆಯಲ್ಲಿ ಆಡಿದ ಶಾಲೆಗೆ, ಕ್ಲಬ್ಬಿಗೆ ಹೋಗಲಿ. ಪಂತ್‌ರ 27 ಕೋಟಿಗೆ ಅದು 1 ಕೋಟಿ 35 ಲಕ್ಷವಾಗುತ್ತದೆ. ಸಿರಾಜ್‌ರ 12.25 ಕೋಟಿಗೆ 61 ಲಕ್ಷದ ಮೇಲೆ. ಕ್ರಿಕೆಟ್ ಮಂಡಳಿ ಮುಂದಿನ ದೊಡ್ಡ ಹರಾಜಿನೊಳಗೆ ಈ ನಿಯಮ ಬರೆಯಲಿ, ಮತ್ತು ದಯವಿಟ್ಟು ಅದಕ್ಕೆ ಮೊದಲು ವಿಚಾರ ಸಂಕಿರಣ ಏರ್ಪಡಿಸದಿರಲಿ.